ಅಟ್ಟದಲ್ಲಿ ಸಿಕ್ಕ ಮಲೇರಿಯಾ ರೀಲು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ದೊಡ್ಡಪ್ಪನ ಮನೆಯ ಅಟ್ಟ ಗುಡಿಸುವಾಗ ಮೂರು ತಗಡಿನ ಡಬ್ಬಿ ಸಿಕ್ಕವು. ಒಳಗೆ ಸಿನಿಮಾ ರೀಲು. ಒಂದರ ಮೇಲೆ ‘ಮಲೇರಿಯಾ’, ಇನ್ನೊಂದರ ಮೇಲೆ ‘ಗೊಬ್ಬರ’ ಅಂತ ಬಣ್ಣದಲ್ಲಿ ಬರೆದಿದೆ. ಮೂರನೆಯದು ಪೂರ್ತಿ ತುಕ್ಕು. ದೊಡ್ಡಪ್ಪ ಬ್ಲಾಕ್ ಆಫೀಸಿನಲ್ಲಿದ್ದವರು, ಈಗಿಲ್ಲ. ಅಮ್ಮ ಚಿಕ್ಕವರಿದ್ದಾಗ ಶಾಲೆ ಬಯಲಿಗೆ ಸರ್ಕಾರದ ವ್ಯಾನ್ ಬಂದು, ಪರದೆ ತುಂಬಾ ಒಂದು ದೊಡ್ಡ ಸೊಳ್ಳೆ ತೋರಿಸಿತ್ತಂತೆ. ಇದೇ ಆ ಸಿನಿಮಾನಾ? ಹಾಸನದ ಗೆಳೆಯನ ಹತ್ತಿರ ಹಳೆ ಪ್ರೊಜೆಕ್ಟರ್ ಇದೆ, ಓಡಿಸಿ ನೋಡಬಹುದಾ? ನಮ್ಮ ಕಡೆಯ ಇಂಥ ಹಳೆ ಚಿತ್ರಗಳು ಬೇರೆಲ್ಲಾದರೂ ಇವೆಯಾ? ಆನ್‌ಲೈನಿನಲ್ಲಿ ಹುಡುಕಿದರೆ ಏನೂ ಸಿಗುತ್ತಿಲ್ಲ.

ಉತ್ತರ: ಮೊದಲು ಪ್ರೊಜೆಕ್ಟರ್ ವಿಚಾರ ಮುಗಿಸೋಣ. ಓಡಿಸಬೇಡಿ. ಗೆಳೆಯನ ಮಿಶೀನು ಎಷ್ಟೇ ಚೆನ್ನಾಗಿರಲಿ, ಬೇಡ. ಇಷ್ಟು ಹಳೆಯ ಫಿಲಂ ಕುಗ್ಗಿರುತ್ತದೆ. ಅಂಚಿನ ತೂತುಗಳ ನಡುವಿನ ಅಂತರ ಕೂದಲೆಳೆಯಷ್ಟು ಕಡಿಮೆಯಾದರೂ ಪ್ರೊಜೆಕ್ಟರಿನ ಹಲ್ಲು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ತೂತು ಹರಿಯುತ್ತಾ ಹೋಗುತ್ತದೆ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ದೀಪದ ಶಾಖಕ್ಕೆ ಆ ಫ್ರೇಮು ಸುಟ್ಟು ಕರಗುತ್ತದೆ. ಉಳಿದಿರುವ ಒಂದೇ ಕನ್ನಡ ಪ್ರತಿ ನಿಮ್ಮದೇ ಆಗಿದ್ದರೆ? ಅದು ಆಗದ ಮಾತೇನಲ್ಲ. ಶಾಲೆಗಳಿಗೆ, ಬ್ಲಾಕ್ ಆಫೀಸುಗಳಿಗೆ ಬಂದ ಪ್ರತಿಗಳನ್ನು ಯಾರೂ ಜೋಪಾನ ಮಾಡಲಿಲ್ಲ. 1980ರ ದಶಕದಲ್ಲಿ ವಿಡಿಯೊ ಬಂತು, ಪ್ರೊಜೆಕ್ಟರುಗಳು ಮೂಲೆ ಸೇರಿದವು, ರೀಲುಗಳು ಗುಜರಿಗೆ ಹೋದವು.

ಓಡಿಸದೆಯೂ ಬೇಕಾದಷ್ಟು ನೋಡಬಹುದು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ರೀಲಿನ ತುದಿಯಿಂದ ಎರಡು ಮೂರು ಅಡಿ ಮಾತ್ರ ಬಿಚ್ಚಿ. ಅಂಚು ಮಾತ್ರ ಹಿಡಿಯಿರಿ, ಚಿತ್ರದ ಮೇಲೆ ಬೆರಳು ಬೇಡ. ಹಿಂದೆ ಬಿಳಿ ಹಾಳೆ, ಅದರ ಹಿಂದೆ ಟ್ಯೂಬ್‌ಲೈಟ್ ಇರಲಿ. ಒಂದು ಭೂತಗನ್ನಡಿ ಸಾಕು. ಮೊದಲು ಅಗಲ ಅಳೆಯಿರಿ. ಒಂದೂವರೆ ಸೆಂಟಿಮೀಟರಿಗಿಂತ ತುಸು ಜಾಸ್ತಿ ಇದ್ದರೆ ಅದು 16 ಎಂಎಂ. ಊರೂರು ಸುತ್ತುವ ವ್ಯಾನುಗಳು ಬಳಸುತ್ತಿದ್ದದ್ದು ಇದನ್ನೇ. ಎರಡೂ ಅಂಚಿನಲ್ಲಿ ತೂತಿದ್ದರೆ ಸಾಮಾನ್ಯವಾಗಿ ಮೂಕಿ ಚಿತ್ರ. ಒಂದೇ ಕಡೆ ತೂತಿದ್ದು, ಇನ್ನೊಂದು ಅಂಚಿನಲ್ಲಿ ಅಂಕುಡೊಂಕು ಗೆರೆಯೊಂದು ಉದ್ದಕ್ಕೂ ಓಡಿದ್ದರೆ ಅದೇ ಧ್ವನಿ. ಆ ಗೆರೆಯ ಏರಿಳಿತದಲ್ಲೇ ಮಾತು, ಸಂಗೀತ ಎಲ್ಲ ಅಡಗಿರುತ್ತದೆ. ಇನ್ನು ಉದ್ದ. 16 ಎಂಎಂನಲ್ಲಿ ಒಂದು ಅಡಿಗೆ 40 ಫ್ರೇಮು. ಏಳು ಇಂಚಿನ ರೀಲು ತುಂಬಾ ಸುತ್ತಿದ್ದರೆ ಸುಮಾರು 400 ಅಡಿ, ಅಂದರೆ 11 ನಿಮಿಷದ ಚಿತ್ರ.

ಈಗ ತೂತುಗಳ ಪಕ್ಕದ ಅಂಚು ನೋಡಿ. ಹೆಚ್ಚಿನವರು ಬಿಟ್ಟುಬಿಡುವ ಜಾಗ ಇದು. ‘ಸೇಫ್ಟಿ’ ಎಂಬ ಇಂಗ್ಲಿಷ್ ಪದ, ಕಂಪನಿಯ ಹೆಸರು, ಅದರ ಹತ್ತಿರ ಪುಟ್ಟ ವೃತ್ತ, ಚೌಕ, ತ್ರಿಕೋನಗಳು ಕಾಣಬಹುದು. ಕೊಡಾಕ್ ಕಂಪನಿ ತನ್ನ ಫಿಲಂ ತಯಾರಾದ ವರ್ಷವನ್ನು ಈ ಆಕಾರಗಳಲ್ಲಿ ಗುರುತು ಹಾಕುತ್ತಿತ್ತು. ಒಂದೇ ಗುರುತು 20 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 1938ರದ್ದೇ 1958ಕ್ಕೂ, 1978ಕ್ಕೂ. ಹಾಗಾಗಿ ಚಿತ್ರದಲ್ಲಿರುವ ಜೀಪು, ಸೀರೆ, ಕನ್ನಡಕ ನೋಡಿ ಅದು ಈ ವರ್ಷಗಳಲ್ಲಿ ಯಾವುದು ಎಂದು ನೀವೇ ತೀರ್ಮಾನಿಸಬೇಕು. ಇನ್ನೊಂದು ಎಚ್ಚರಿಕೆ. ಅದು ಖಾಲಿ ಫಿಲಂ ತಯಾರಾದ ವರ್ಷ, ಚಿತ್ರ ತೆಗೆದ ವರ್ಷವಲ್ಲ. 1950ರ ದಶಕದಲ್ಲಿ ತೆಗೆದ ಚಿತ್ರಕ್ಕೆ ಹತ್ತು ವರ್ಷ ಬಿಟ್ಟು ಹೊಸ ಪ್ರತಿ ಹಾಕಿಸಿರಬಹುದು. ಕೆಲವೊಮ್ಮೆ ನೆಗೆಟಿವ್‌ನ ಗುರುತೂ ಪ್ರತಿಯ ಮೇಲೆ ಅಚ್ಚಾಗಿರುತ್ತದೆ. ಎರಡು ಬೇರೆ ಬೇರೆ ಗುರುತು ಕಂಡರೆ ಗಾಬರಿ ಬೇಡ, ಎರಡನ್ನೂ ಬರೆದಿಟ್ಟುಕೊಳ್ಳಿ. ಅಂಚಿನಲ್ಲಿ ‘ಇಂದು’ ಎಂಬ ಹೆಸರಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್‌ನದು. ಆ ಪ್ರತಿ 1960ರ ದಶಕದ ಕೊನೆಗೋ ಆಮೇಲೋ ಆಗಿರಬೇಕು. ಚಿತ್ರವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಹಾಳಾಯಿತು ಅಂತ ಬೇಸರ ಬೇಡ. ಆ ಕಾಲದ ಕಲರ್ ಪ್ರತಿಗಳಲ್ಲಿ ನೀಲಿ ಮೊದಲು ಹೋಗುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಒಂದಿಷ್ಟು ಸರಿಪಡಿಸಬಹುದು.

ತುಕ್ಕು ಹಿಡಿದ ಡಬ್ಬಿಯ ಅಗಲ ನೋಡಿ. 35 ಎಂಎಂ ರೀಲು ಇರುವಷ್ಟು ದಪ್ಪ ಇದ್ದರೆ ಸ್ವಲ್ಪ ಹುಷಾರು. 1950ರ ದಶಕದ ಆರಂಭದವರೆಗೂ 35 ಎಂಎಂ ಚಿತ್ರಗಳು ನೈಟ್ರೇಟ್ ಫಿಲಂನಲ್ಲಿ ಬರುತ್ತಿದ್ದವು. ಅದಕ್ಕೆ ಬೆಂಕಿ ಹತ್ತಿದರೆ ನೀರೊಳಗೂ ಆರುವುದಿಲ್ಲ. ಅಂಥದ್ದನ್ನು ಒಲೆ, ಬೀಡಿ, ಬಿಸಿಲು ಇಲ್ಲದ ಕಡೆ ಇಟ್ಟು ತಿಳಿದವರಿಗೆ ಹೇಳಿ. ಬಸ್ಸಿನಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೊರಡಬೇಡಿ. 16 ಎಂಎಂಗೆ ಈ ಭಯ ಇಲ್ಲ, ಅದು ಮೊದಲಿನಿಂದಲೂ ಸೇಫ್ಟಿ ಫಿಲಂ. ಅದರ ಕಾಯಿಲೆ ಬೇರೆ. ಡಬ್ಬಿ ತೆಗೆದಾಗ ಗೋಬಿ ಮಂಚೂರಿ ಗಾಡಿಯ ವಿನೆಗರ್ ವಾಸನೆ ಬಂತಾ? ಹಾಗಾದರೆ ಆ ಫಿಲಂ ಮಾಡಿರುವ ಅಸಿಟೇಟ್ ಎಂಬ ಪ್ಲಾಸ್ಟಿಕ್ ಕೊಳೆಯಲು ಶುರುವಾಗಿದೆ. ಒಮ್ಮೆ ಶುರುವಾದರೆ ಹೊರಬರುವ ಆಮ್ಲವೇ ಮತ್ತಷ್ಟು ಕೊಳೆಸುತ್ತದೆ, ಪಕ್ಕದ ರೀಲಿಗೂ ಹಬ್ಬುತ್ತದೆ. ಆ ರೀಲನ್ನು ಬೇರೆ ಇಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಬೇಡಿ. ಮಲೆನಾಡಿನ ಮನೆಗಳಲ್ಲಿ ಅಟ್ಟ ಅಂದರೆ ಎಷ್ಟೋ ಕಡೆ ಒಲೆಯ ಮೇಲೇ ಇರುತ್ತದೆ, ಅಲ್ವಾ? ಮಳೆಗಾಲದ ತೇವದ ಜೊತೆಗೆ ಆ ಶಾಖ ಸೇರಿದರೆ ಫಿಲಂಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಇವತ್ತೇ ಕೆಳಗಿಳಿಸಿ, ಗಾಳಿಯಾಡುವ ತಂಪು ಕೋಣೆಯಲ್ಲಿ ಮಲಗಿಸಿಡಿ.

ಡಬ್ಬಿಯ ಮೇಲಿನ ಹೆಸರನ್ನು ಮಾತ್ರ ನಂಬಬೇಡಿ. ಹಾಸನ ಜಿಲ್ಲೆಯ ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ ‘ಕಾಂಪೋಸ್ಟ್ ಗುಂಡಿ’ ಎಂದು ಬರೆದ ರೀಲು ನೋಡಿದ್ದೆ. ಶುರುವಿನಲ್ಲಿ ಪೇಟ ಸುತ್ತಿದ ಇಬ್ಬರು ಗುಂಡಿ ತೋಡುತ್ತಾರೆ. ಸಗಣಿ, ತರಗು, ಮಣ್ಣು ಒಂದರ ಮೇಲೊಂದು ಬೀಳುತ್ತದೆ. ಆಮೇಲೆ ದಪ್ಪಗೆ ಅಂಟು ಹಾಕಿದ ಒಂದು ಜೋಡಣೆ. ಅದು ದಾಟಿದ ತಕ್ಷಣ ಅಮೆರಿಕದ ಒಬ್ಬ ಗುಂಗುರು ಕೂದಲ ಹುಡುಗ ಕನ್ನಡಿ ಮುಂದೆ ನಿಂತು ಹಲ್ಲುಜ್ಜುತ್ತಾನೆ! ಮೇಲಿನ ಹಲ್ಲು ಮೇಲಿನಿಂದ ಕೆಳಕ್ಕೆ, ಕೆಳಗಿನ ಹಲ್ಲು ಕೆಳಗಿನಿಂದ ಮೇಲಕ್ಕೆ, ತುಂಬಾ ಶ್ರದ್ಧೆಯಿಂದ. ಮತ್ತೊಂದು ಜೋಡಣೆ, ಒಂದಿಷ್ಟು ಕೋಳಿಗಳು. ಕೊನೆಗೆ ಯಾವುದೋ ವಾರ್ತಾಚಿತ್ರದ ಬಾಲ, ಅದೂ ತಲೆಕೆಳಗಾಗಿ. ಹರಿದ ರೀಲುಗಳ ಒಳ್ಳೆಯ ತುಂಡುಗಳನ್ನೆಲ್ಲ ಆಪರೇಟರು ಒಂದೇ ರೀಲಿಗೆ ಸೇರಿಸಿದ್ದ. ಊರಿನ ಜನಕ್ಕೆ ಒಂದು ಸಂಜೆಯ ಕಾರ್ಯಕ್ರಮ ಆಗಬೇಕಲ್ಲ! ನನಗೆ ಆ ಜೋಡಣೆಗಳೇ ಚಿತ್ರಕ್ಕಿಂತ ಮುಖ್ಯ ಅನಿಸುತ್ತವೆ. ಯಾವ ಚಿತ್ರ ಎಷ್ಟು ಸಲ ಓಡಿತು, ಎಲ್ಲಿ ಹರಿಯಿತು, ಯಾವುದರ ಜೊತೆ ಯಾವುದನ್ನು ತೋರಿಸಿದರು ಎಂಬುದಕ್ಕೆ ಬೇರೆ ದಾಖಲೆಯೇ ಇರುವುದಿಲ್ಲ. ಹಾಗಾಗಿ ಚೆಂದ ಮಾಡುತ್ತೇನೆ ಅಂತ ಹೊರಟು ಆ ತುಂಡುಗಳನ್ನು ಬಿಡಿಸಬೇಡಿ.

ಈಗ ಅಮ್ಮನ ನೆನಪು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ‘ಯಾವ ವರ್ಷ’ ಎಂದು ಕೇಳಬೇಡಿ. ಯಾರಿಗೂ ವರ್ಷ ನೆನಪಿರುವುದಿಲ್ಲ. ಹೊಸ ಪೈಸೆ ಬಂದಿತ್ತಾ ಎಂದು ಕೇಳಿ, ಅದು 1957ರ ಏಪ್ರಿಲ್. ಚೀನಾ ಯುದ್ಧ ಆಗಿತ್ತಾ, ನೆಹರೂ ಇದ್ದರಾ ಎಂದು ಕೇಳಿ, ಅಲ್ಲಿಗೆ 1962, 1964 ಸಿಕ್ಕಿತು. ಸೊಳ್ಳೆ ಬರೆದ ಚಿತ್ರವೋ ನಿಜದ್ದೋ? ಬಣ್ಣ ಇತ್ತಾ? ಪರದೆಯಿಂದ ಬಂದ ಮಾತು ಕನ್ನಡವೋ, ಅಥವಾ ವ್ಯಾನಿನವರು ಪಕ್ಕದಲ್ಲಿ ಮೈಕ್ ಹಿಡಿದು ವಿವರಿಸುತ್ತಿದ್ದರೋ? ಚಿತ್ರ ಇಂಗ್ಲಿಷಿನದು, ವಿವರಣೆ ಕನ್ನಡದ್ದು ಅನ್ನುವುದು ಸಾಮಾನ್ಯವಾಗಿತ್ತು. ಕುಳ್ಳರು ಬಂದು ಸೊಳ್ಳೆ ಹೊಡೆಯುತ್ತಿದ್ದರಾ ಅಂತಲೂ ಕೇಳಿ ನೋಡಿ. ಡಿಸ್ನಿ ಕಂಪನಿ 1943ರಲ್ಲಿ ‘ದಿ ವಿಂಗ್ಡ್ ಸ್ಕರ್ಜ್’ ಎಂಬ ಮಲೇರಿಯಾ ಕಾರ್ಟೂನ್ ಮಾಡಿತ್ತು. ಅದರಲ್ಲಿ ಸೊಳ್ಳೆಯೇ ಪೊಲೀಸರಿಗೆ ಬೇಕಾದ ಅಪರಾಧಿ, ಹಿಡಿಯಲು ಬರುವವರು ಸ್ನೋವೈಟ್ ಕತೆಯ ಏಳು ಜನ ಕುಳ್ಳರು. ಬ್ರಿಟನ್ನಿನ ಶೆಲ್ ಕಂಪನಿಯ ಚಿತ್ರ ಘಟಕವೂ 1941ರಲ್ಲಿ ಮಲೇರಿಯಾ ಬಗ್ಗೆ ಒಂದು ಚಿತ್ರ ಮಾಡಿತ್ತು.

ಒಂದು ಅಡ್ಡಮಾತು. ದೊಡ್ಡ ಸೊಳ್ಳೆ ನೋಡಿದ ಹಳ್ಳಿ ಜನ ‘ನಮ್ಮೂರಲ್ಲಿ ಇಷ್ಟು ದಪ್ಪ ಸೊಳ್ಳೆ ಇಲ್ಲ, ನಮಗೇನೂ ಭಯವಿಲ್ಲ’ ಎಂದರು ಅನ್ನುವ ಕತೆಯನ್ನು ನೀವೂ ಕೇಳಿರಬಹುದು. ಬ್ರಿಟಿಷ್ ಅಧಿಕಾರಿಗಳು ಆಫ್ರಿಕಾದ ಹಳ್ಳಿಗಳ ಬಗ್ಗೆ ಇದನ್ನೇ ಹೇಳುತ್ತಿದ್ದರು. ಹೇಳುವವರು ಯಾವಾಗಲೂ ಪ್ರೊಜೆಕ್ಟರ್ ಕಡೆ ನಿಂತವರು, ಕೂತು ನೋಡಿದವರಲ್ಲ. ನಿಮ್ಮ ಅಮ್ಮ ಕೂತು ನೋಡಿದವರು. ಅವರ ಮಾತಿಗೆ ಬೆಲೆ ಜಾಸ್ತಿ.

ಚಿತ್ರ ಎಲ್ಲಿಯದು ಎಂದು ತಿಳಿಯಲು ಸೊಳ್ಳೆಯೇ ಸಹಾಯ ಮಾಡುತ್ತದೆ. ಹೆಚ್ಚಿನ ಮಲೇರಿಯಾ ಚಿತ್ರಗಳು ಹೇಳುವುದು ಒಂದೇ: ನಿಂತ ನೀರು ಚೆಲ್ಲಿ, ಗುಂಡಿ ಮುಚ್ಚಿ, ಬಾವಿಗೆ ಎಣ್ಣೆ ಹಾಕಿ. ಮಲೆನಾಡಿನಲ್ಲಿ ಮಲೇರಿಯಾ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ಅದು ಮೊಟ್ಟೆ ಇಡುವುದು ನಿಧಾನಕ್ಕೆ ಹರಿಯುವ ತಿಳಿನೀರಿನ ಹಳ್ಳದಲ್ಲಿ, ಹುಲ್ಲು ಬೆಳೆದ ಅಂಚಿನಲ್ಲಿ. ಬರೀ ಕೊಚ್ಚೆ, ಒಡೆದ ಮಡಕೆ, ತೊಟ್ಟಿ ತೋರಿಸುವ ಚಿತ್ರ ಬೇರೆಲ್ಲೋ ಬೇರೆಯವರಿಗಾಗಿ ಮಾಡಿದ್ದು, ಇಲ್ಲಿಗೆ ಸುಮ್ನೆ ಬಂದಿದ್ದು. ನಿಮ್ಮ ರೀಲಿನಲ್ಲಿ ತೋಟದ ನಡುವಿನ ಹಳ್ಳ ಕಂಡರೆ ಮಾತ್ರ ಕಿವಿ ನೆಟ್ಟಗೆ ಮಾಡಿ. ಮೂಡಿಗೆರೆಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸವೇ ಇದೆ. ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಮೈಸೂರು ಸರ್ಕಾರದ ಜೊತೆ ಸೇರಿ ಮಲೇರಿಯಾ ಅಧ್ಯಯನ ಮಾಡಿದಾಗ ಅದರ ಒಂದು ಕೇಂದ್ರ ನಿಮ್ಮ ಮೂಡಿಗೆರೆಯಲ್ಲೇ ಇತ್ತು. ಇದೇ ಸಂಸ್ಥೆ 1920ರಲ್ಲಿ ಕೊಕ್ಕೆಹುಳದ ಬಗ್ಗೆ ಮಾಡಿಸಿದ ಮೂಕಿ ಚಿತ್ರ ನಾನಾ ದೇಶ ಸುತ್ತಿತ್ತು. ಅವರ ವರದಿ, ಪತ್ರ, ಫೋಟೋಗಳು ನ್ಯೂಯಾರ್ಕ್ ರಾಜ್ಯದ ಸ್ಲೀಪಿ ಹಾಲೋ ಎಂಬಲ್ಲಿನ ರಾಕ್‌ಫೆಲರ್ ಆರ್ಕೈವ್ ಸೆಂಟರಿನಲ್ಲಿವೆ. ಮೇಲ್ ಬರೆದು ಕೇಳಬಹುದು.

ಆನ್‌ಲೈನಿನಲ್ಲಿ ನಿಮಗೆ ಏನೂ ಸಿಗದಿರಲು ಕಾರಣವೂ ಇಲ್ಲೇ ಇದೆ. ನೀವು ಊರಿನ ಹೆಸರು ಹುಡುಕುತ್ತಿದ್ದೀರಿ. ಈ ಚಿತ್ರಗಳನ್ನು ಊರಿನ ಹೆಸರಲ್ಲಿ ಯಾರೂ ಪಟ್ಟಿ ಮಾಡಿಲ್ಲ. ಯಾವ ಕೆಲಸಕ್ಕೆ ಮಾಡಿದರೋ ಆ ಹೆಸರಲ್ಲಿ ಮಾಡಿದ್ದಾರೆ: ಮಲೇರಿಯಾ, ಗೊಬ್ಬರ, ಹೊಗೆಯಿಲ್ಲದ ಒಲೆ, ಸಣ್ಣ ಉಳಿತಾಯ. ನಿಮ್ಮ ಜಿಲ್ಲೆ ಅದರಲ್ಲಿ ಹಿನ್ನೆಲೆಯಾಗಿ ಮಾತ್ರ ಬಂದಿರುತ್ತದೆ. ಹಾಗಾಗಿ ಕಾಫಿ ಎಂದು ಹುಡುಕಿ. ಕಾಂಡಕೊರಕ, ಎಲೆ ತುಕ್ಕು ರೋಗ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರದ್ದು, ಅಲ್ಲಿನ ಗ್ರಂಥಾಲಯದಲ್ಲೂ ವಿಚಾರಿಸಿ. ಲಕ್ಕವಳ್ಳಿ ಬೇಕಿದ್ದರೆ ಭದ್ರಾ ಅಣೆಕಟ್ಟು, ನೀರಾವರಿ, ಪಂಚವಾರ್ಷಿಕ ಯೋಜನೆ ಎಂದು ನೋಡಿ.

ಊರಿನ ಹೆಸರೇ ಬೇಕೆಂದರೆ ಆ ಕಾಲದ ಹೆಸರು ಬಳಸಿ. 1947ರವರೆಗೆ ನಿಮ್ಮ ಜಿಲ್ಲೆ ಕಡೂರು ಜಿಲ್ಲೆ. ಸಕಲೇಶಪುರದ ಸೀಮೆಗೆ ಮಂಜರಾಬಾದ್. 1973ರ ನವೆಂಬರ್‌ವರೆಗೆ ರಾಜ್ಯದ ಹೆಸರು ಮೈಸೂರು. ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ನಾಲ್ಕೈದು ತರಹ ಇದೆ, ಎಲ್ಲವನ್ನೂ ಹೊಡೆದು ನೋಡಿ. ಹಾಸನದ ಪಾಡು ಇನ್ನೂ ಕಷ್ಟ. ಹಳೆ ವಾರ್ತಾಚಿತ್ರಗಳಲ್ಲಿ ಆ ಹೆಸರು ಹುಡುಕಿದರೆ ಮೊರೊಕ್ಕೊ ದೊರೆ ಎರಡನೇ ಹಸನ್ ಸಾಲುಸಾಲಾಗಿ ಬರುತ್ತಾರೆ! ಅದರ ಬದಲು ಶ್ರವಣಬೆಳಗೊಳದ ಮಸ್ತಕಾಭಿಷೇಕದ ವರ್ಷಗಳನ್ನು ಹಿಡಿಯಿರಿ: 1940, 1953, 1967, 1981. ಲಂಡನ್ನಿನಲ್ಲಿ ಕೂತು ಶೀರ್ಷಿಕೆ ಬರೆದವರಿಗೆ ಬೆಳಗೊಳ ಗೊತ್ತಿರುವುದಿಲ್ಲ. ‘ಇಂಡಿಯಾ, ಜೈನರು, ಭಾರಿ ಪ್ರತಿಮೆ’ ಎಂಬಂಥ ಪದಗಳಲ್ಲಿ ಹುಡುಕಬೇಕು.

ಇನ್ನು ಎಲ್ಲೆಲ್ಲಿ ಹುಡುಕುವುದು. ಮೊದಲ ಬಾಗಿಲು ಮುಂಬೈನ ಫಿಲಂಸ್ ಡಿವಿಜನ್, ಕೇಂದ್ರ ಸರ್ಕಾರದ ಚಿತ್ರ ತಯಾರಿಸುವ ಸಂಸ್ಥೆ. 1948ರಲ್ಲಿ ಶುರುವಾಗಿ, ಎಂಟು ಸಾವಿರಕ್ಕೂ ಹೆಚ್ಚು ಚಿತ್ರ ಮಾಡಿ, 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಜೊತೆ ಸೇರಿತು. ಚಿತ್ರಮಂದಿರದಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಬರುತ್ತಿದ್ದ ವಾರ್ತಾಚಿತ್ರಗಳು ಇವರವೇ. ಕನ್ನಡದ ಧ್ವನಿಯನ್ನೂ ಹಾಕಿಸುತ್ತಿದ್ದರು. ಸರ್ಕಾರಿ ಚಿತ್ರ ಎಂದರೆ ಬೋರು ಅನ್ನುವವರು 1968ರ ಪ್ರಮೋದ್ ಪತಿಯವರ ‘ಕ್ಲ್ಯಾಕ್ಸ್‌ಪ್ಲೋಶನ್’ ನೋಡಬೇಕು. ಕುಟುಂಬ ಯೋಜನೆಯ ಚಿತ್ರ ಅದು, ಆದರೆ ತಲೆ ಗಿರ್ರನೆ ತಿರುಗಿಸುತ್ತದೆ. ಫಿಲಂಸ್ ಡಿವಿಜನ್ ಅಚ್ಚು ಹಾಕಿಸಿದ ಹಳೆ ಕ್ಯಾಟಲಾಗುಗಳಲ್ಲಿ ಚಿತ್ರದ ಹೆಸರು, ವರ್ಷ, ಉದ್ದ ಎಲ್ಲ ಸಿಗುತ್ತದೆ. ಸೆನ್ಸಾರ್ ಆದ ಚಿತ್ರಗಳ ಪಟ್ಟಿ ಭಾರತ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿತ್ತು, ಭಾಷೆ ಮತ್ತು ಉದ್ದದ ಸಮೇತ. ನೀವು ಅಳೆದ ಅಡಿಗೂ ಅಲ್ಲಿನ ಅಂಕಿಗೂ ತಾಳೆ ನೋಡಿ. ಆದರೆ ಒಂದು ನೆನಪಿಡಿ. 35 ಎಂಎಂನ ಉದ್ದ 16 ಎಂಎಂಗೆ ಬಂದಾಗ ಎರಡೂವರೆ ಪಟ್ಟು ಕಡಿಮೆಯಾಗುತ್ತದೆ.

ವ್ಯಾನ್ ಯಾರದು ಎಂಬುದೂ ಗೊತ್ತಾಗಬೇಕು. ಬ್ಲಾಕ್ ಆಫೀಸುಗಳಿಗೆ ಮೂಲವಾದ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದದ್ದು 1952ರ ಅಕ್ಟೋಬರ್ 2ಕ್ಕೆ. ಪಂಚವಾರ್ಷಿಕ ಯೋಜನೆಯ ಪ್ರಚಾರಕ್ಕೆಂದೇ 1953ರಲ್ಲಿ ಕೇಂದ್ರ ಸರ್ಕಾರ ಒಂದು ಸಂಸ್ಥೆ ಮಾಡಿತು. ಮುಂದೆ ಅದೇ ಕ್ಷೇತ್ರ ಪ್ರಚಾರ ನಿರ್ದೇಶನಾಲಯ ಆಯಿತು. ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರದ್ದು, ನಿರ್ಮೂಲನ ಕಾರ್ಯಕ್ರಮ 1958ರದ್ದು. ಅಮ್ಮನ ನೆನಪು ಆ ಆಸುಪಾಸಿಗೆ ಬಂದರೆ ಡಿಡಿಟಿ ಹೊಡೆಯುವವರೂ ವ್ಯಾನಿನವರೂ ಒಟ್ಟಿಗೆ ಬಂದಿರಬಹುದು. ದೊಡ್ಡಪ್ಪನ ಕಾಗದಪತ್ರ ಏನಾದರೂ ಉಳಿದಿದ್ದರೆ ಒಲೆಗೆ ಹಾಕಬೇಡಿ. ಜೀಪಿನ ಲಾಗ್‌ಬುಕ್ಕು, ಟೂರ್ ಡೈರಿ, ಸ್ಟಾಕ್ ರಿಜಿಸ್ಟರ್ ಇವೆಲ್ಲ ನನ್ನ ಮಟ್ಟಿಗೆ ರೀಲಿನಷ್ಟೇ ಬೆಲೆಬಾಳುತ್ತವೆ. ‘ಸಿನಿಮಾ ಪ್ರದರ್ಶನ’ ಎಂಬ ಎರಡು ಪದದ ಪಕ್ಕ ತಾರೀಖು, ಊರು ಸಿಕ್ಕರೆ ಅರ್ಧ ಕೆಲಸ ಆಯಿತು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಳೆ ಮೈಸೂರಿನ ಕಡತಗಳಿವೆ, ಅಲ್ಲಿ ಆರೋಗ್ಯ ಮತ್ತು ಪ್ರಚಾರ ಇಲಾಖೆಗಳ ಪಟ್ಟಿ ಕೇಳಿ.

ಹೊರದೇಶದ ಜಾಗಗಳು ಇನ್ನೂ ಸುಲಭ, ಮನೆಯಿಂದಲೇ ಆಗುತ್ತದೆ. ಆ ಹಲ್ಲುಜ್ಜುವ ಹುಡುಗನಂಥ ಅಮೆರಿಕದ ಶಾಲಾ ಚಿತ್ರಗಳಿಗೆ ರಿಕ್ ಪ್ರೆಲಿಂಗರ್ ಎಂಬವರು ಕೂಡಿಸಿದ ಸಂಗ್ರಹ ನೋಡಿ. ಯಾರಿಗೂ ಬೇಡವಾದ ಜಾಹೀರಾತು, ಪಾಠ, ಕಂಪನಿ ಚಿತ್ರಗಳನ್ನು ಅವರು 1980ರ ದಶಕದಿಂದ ಕೂಡಿಸುತ್ತಾ ಬಂದರು. 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಪಡೆದುಕೊಂಡಿತು. ಅದರಲ್ಲಿ ಸಾವಿರಾರು ಚಿತ್ರಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಅಮೆರಿಕದ ವಾರ್ತಾ ಇಲಾಖೆ ಹೊರದೇಶಗಳಲ್ಲಿ ತೋರಿಸಲೆಂದೇ ಮಾಡಿದ ಚಿತ್ರಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ದಾಖಲೆ ಗುಂಪು 306. ದಶಕಗಳ ಕಾಲ ಇವನ್ನು ಅಮೆರಿಕದ ಒಳಗೆ ತೋರಿಸುವಂತಿರಲಿಲ್ಲ. ನಮ್ಮ ಹಳ್ಳಿಯವರು ನೋಡಿದ ಅಮೆರಿಕದ ಚಿತ್ರವನ್ನು ಅಮೆರಿಕದವರೇ ನೋಡಿರಲಿಲ್ಲ! ಬ್ರಿಟಿಷ್ ಪಾಥೆ ಕಂಪನಿ 2014ರಲ್ಲಿ 85,000 ವಾರ್ತಾಚಿತ್ರಗಳನ್ನು ಯೂಟ್ಯೂಬಿಗೆ ಹಾಕಿತು. ಬ್ರಿಟಿಷ್ ಕುಟುಂಬಗಳು ಇಲ್ಲಿದ್ದಾಗ ತೆಗೆದ ಮನೆ ಚಿತ್ರಗಳು ಕೇಂಬ್ರಿಜ್‌ನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿವೆ. ತೋಟದ ಬಂಗಲೆ, ಆಳುಗಳು, ಶಿಕಾರಿ ಇಂಥದ್ದಕ್ಕೆಲ್ಲ ಅಲ್ಲಿ ನೋಡಬೇಕು.

ಟಿವಿ ಪಾಠಗಳ ಕತೆ ಮಾತ್ರ ನಿರಾಶೆಯದು. 1975–76ರ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ದೇಶದ 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ರಾಜ್ಯದಲ್ಲಿ ಅದು ಸಿಕ್ಕಿದ್ದು ಉತ್ತರದ ಜಿಲ್ಲೆಗಳಿಗೆ, ಹಾಸನಕ್ಕಲ್ಲ. ಕೆಲವೇ ವರ್ಷದಲ್ಲಿ ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನಕ್ಕೇ ಬಂತು. 1984ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಟಿವಿ ಪಾಠಗಳು ಹೋಗುತ್ತಿದ್ದದ್ದು ಆ ಉಪಗ್ರಹದ ಮೂಲಕವೇ. ಆದರೆ ಆ ಕಾಲದ ಟೇಪು ದುಬಾರಿ. ಅಳಿಸಿ ಮತ್ತೆ ಬಳಸುತ್ತಿದ್ದರು. ಹಾಗಾಗಿ 1955ರ ಫಿಲಂ ಸಿಕ್ಕೀತು, 1985ರ ಟಿವಿ ಪಾಠ ಸಿಗುವುದು ಕಷ್ಟ.

ಸ್ಕ್ಯಾನ್ ಮಾಡಿಸುವಾಗ ಹಲ್ಲಿಲ್ಲದ ಸ್ಕ್ಯಾನರ್ ಇದೆಯಾ ಎಂದು ಕೇಳಿ, ಕುಗ್ಗಿದ ಫಿಲಂಗೆ ಅದೇ ಬೇಕು. ಅಂಚು, ತೂತು, ಧ್ವನಿಯ ಗೆರೆ ಎಲ್ಲ ಕಾಣುವಂತೆ ಪೂರ್ತಿ ಅಗಲ ಸ್ಕ್ಯಾನ್ ಮಾಡಲು ಹೇಳಿ. ಕತ್ತರಿಸಿ ಚೆಂದ ಮಾಡಿದ್ದು ಮಾತ್ರ ಕೊಟ್ಟರೆ ಒಪ್ಪಬೇಡಿ. ಆಮೇಲೆ ಮೂಲ ರೀಲನ್ನು ಎಸೆಯಬೇಡಿ. ಹಂಚಿಕೊಳ್ಳುವ ವಿಷಯಕ್ಕೆ ಬಂದರೆ, ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕು ಅದು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1950ರ ದಶಕದ ಸರ್ಕಾರಿ ಚಿತ್ರವಾದರೆ ತೊಂದರೆ ಇಲ್ಲ.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೂ ಮುಂಬೈನ ಫಿಲಂ ಹೆರಿಟೇಜ್ ಫೌಂಡೇಶನ್‌ಗೂ ಬರೆಯಿರಿ. ‘ಅಟ್ಟದಲ್ಲಿ ಹಳೆ ರೀಲು ಸಿಕ್ಕಿದೆ’ ಎಂದಷ್ಟೇ ಬರೆದರೆ ಅವರೂ ಏನೂ ಹೇಳಲಾರರು. ಅಗಲ, ಅಂದಾಜು ಅಡಿ, ತೂತು ಯಾವ ಕಡೆ, ಅಂಚಿನ ಗುರುತುಗಳು, ವಾಸನೆ ಇದೆಯೋ ಇಲ್ಲವೋ, ಡಬ್ಬಿಯ ಬರಹದ ಫೋಟೋ, ಮೊದಲ ಫ್ರೇಮುಗಳ ಫೋಟೋ. ಇಷ್ಟು ಒಂದೇ ಪತ್ರದಲ್ಲಿರಲಿ. ಅಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಅದರ ಜೊತೆಗೆ ಸೇರಿಸಿ.